ಪೋಕರ್ ಕೋಚಿಂಗ್‌ಗೆ ಕೊಡುವ ಹಣ: ನಾನು ಲೆಕ್ಕ ಹಾಕುವ ಬಗೆ

ಪೋಕರ್ ಕೋಚ್‌ಗೆ ಹಣ ಕೊಡಬೇಕೇ ಬೇಡವೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ಮೂರು ಸಂಖ್ಯೆಗಳನ್ನು: ನಿಮ್ಮ ಟೇಬಲಿನ ಬಿಗ್ ಬ್ಲೈಂಡ್ (ಆಟ ಶುರುವಾಗುವ ಮೊದಲೇ ಹಾಕಲೇಬೇಕಾದ ಎರಡು ಪಣಗಳಲ್ಲಿ ದೊಡ್ಡದು; ಚಿಕ್ಕದು ಸ್ಮಾಲ್ ಬ್ಲೈಂಡ್) ಎಷ್ಟು, ವರ್ಷಕ್ಕೆ ಎಷ್ಟು ಹ್ಯಾಂಡ್ (ಎಲೆ ಹಂಚಿ ಮುಗಿಸಿದ ಒಂದು ಆಟ) ಆಡುತ್ತೀರಿ, ಕೋಚ್ ಕೇಳುತ್ತಿರುವ ಒಟ್ಟು ಫೀಸು ಎಷ್ಟು. ಕಲಿತರೆ ಆಟ ಎಷ್ಟು ಸುಧಾರಿಸೀತು ಎಂಬುದು ನಾಲ್ಕನೆಯದು. ಅದು ಊಹೆ, ಆದರೆ ಊಹೆಯನ್ನೂ ಸಂಖ್ಯೆಯಾಗಿ ಕಾಗದದ ಮೇಲೆ ಬರೆದರೆ ಅರ್ಧ ಭ್ರಮೆ ಅಲ್ಲೇ ಇಳಿಯುತ್ತದೆ.

ಗೆಲುವಿನ ದರವನ್ನು 100 ಹ್ಯಾಂಡಿಗೆ ಎಷ್ಟು ಬಿಗ್ ಬ್ಲೈಂಡ್ ಎಂದು ಅಳೆಯುವುದು ರೂಢಿ; ಮುಂದೆ ಬಿಗ್ ಬ್ಲೈಂಡನ್ನು ಬಿಬಿ ಎಂದೇ ಬರೆಯುತ್ತೇನೆ, ದರದ ಮಾತಾದರೆ ಅದು 100 ಹ್ಯಾಂಡಿಗೆ. ಕೋಚಿಂಗ್‌ನಿಂದ ನಿಮ್ಮ ದರ 3 ಬಿಬಿ ಮೇಲೇರಿತು ಎಂದಿಟ್ಟುಕೊಳ್ಳಿ. ಗಂಟೆಗೆ 60 ಡಾಲರ್‌ನಂತೆ 8 ಗಂಟೆ ಕೊಂಡರೆ ಖರ್ಚು 480 ಡಾಲರ್. ಆನ್‌ಲೈನ್‌ನಲ್ಲಿ ಬಿಗ್ ಬ್ಲೈಂಡ್ 10 ಸೆಂಟ್ ಇರುವ ಎನ್‌ಎಲ್ 10 ಟೇಬಲಿನಲ್ಲಿ 3 ಬಿಬಿ ಎಂದರೆ 100 ಹ್ಯಾಂಡಿಗೆ 30 ಸೆಂಟ್. 480 ಡಾಲರ್ ವಾಪಸಾಗಲು 1.6 ಲಕ್ಷ ಹ್ಯಾಂಡ್ ಬೇಕು. ಆರು ಜನರ ಟೇಬಲ್ ನಾಲ್ಕನ್ನು ಒಟ್ಟಿಗೆ ತೆರೆದರೆ ಗಂಟೆಗೆ ಸುಮಾರು 300 ಹ್ಯಾಂಡ್ ಸಾಗುತ್ತದೆ. ಹಾಗಾದರೆ ಐನೂರು ಗಂಟೆಗೂ ಮೀರಿದ ಆಟ, ಬರೀ ಫೀಸು ತೀರಿಸಲಿಕ್ಕೆ. ಅದೇ ಸುಧಾರಣೆ ಎನ್‌ಎಲ್ 50ರಲ್ಲಾದರೆ 32,000 ಹ್ಯಾಂಡಿನಲ್ಲಿ ಫೀಸು ತೀರುತ್ತದೆ, ಎನ್‌ಎಲ್ 200ರಲ್ಲಿ 8,000 ಸಾಕು. ಸುಧಾರಣೆ ಅದೇ, ಕೋಚ್ ಅದೇ; ಟೇಬಲ್ ಮಾತ್ರ ಬೇರೆ.

ಲೈವ್ ಆಟದ ಲೆಕ್ಕ ಇನ್ನೊಂದು ತರಹ. ಡೀಲರ್ ಎಲೆ ಹಾಕುವ ಟೇಬಲಿನಲ್ಲಿ ಗಂಟೆಗೆ 25–30 ಹ್ಯಾಂಡ್ ಮಾತ್ರ. ಅಮೆರಿಕದ ಕಾರ್ಡ್ ರೂಮಿನಲ್ಲಿ ಬ್ಲೈಂಡುಗಳು 1 ಮತ್ತು 3 ಡಾಲರ್ ಇರುವ ಟೇಬಲಿಗೆ ವರ್ಷಕ್ಕೆ 300 ಗಂಟೆ ಕೂರುವವರು ಹೆಚ್ಚೆಂದರೆ 9,000 ಹ್ಯಾಂಡ್ ಆಡುತ್ತಾರೆ. ಆದರೆ ಅಲ್ಲಿ ಎದುರಾಳಿಗಳು ಸಡಿಲ, ತಪ್ಪುಗಳು ದೊಡ್ಡವು, ಹಾಗಾಗಿ ಸುಧಾರಣೆಗೂ ಜಾಗ ಹೆಚ್ಚು. 8 ಬಿಬಿ ಮೇಲೇರಿದರೂ 90 ನೂರುಗಳು, ತಲಾ 8 ಬಿಬಿ, ಬಿಬಿಗೆ 3 ಡಾಲರ್: ವರ್ಷಕ್ಕೆ 2,160 ಡಾಲರ್. ಅಲ್ಲಿರುವ ಕನ್ನಡಿಗರಲ್ಲಿ ವಾರಾಂತ್ಯಕ್ಕೆ ಕಾರ್ಡ್ ರೂಮಿಗೆ ಹೋಗುವವರಿಗೆ ಆನ್‌ಲೈನ್ ಸಣ್ಣ ಟೇಬಲಿನವರಿಗಿಂತ ಕೋಚಿಂಗ್ ಬೇಗ ಗಿಟ್ಟುತ್ತದೆ. ವಿಚಿತ್ರವೆಂದರೆ ಕೋಚಿಂಗ್ ಜಾಹೀರಾತಿನ ಬಹುಪಾಲು ಸುತ್ತುವುದು ಆನ್‌ಲೈನ್ ಸಣ್ಣ ಟೇಬಲಿನವರ ಸುತ್ತಲೇ.

3 ಬಿಬಿ ಎಂಬ ಊಹೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈಗಾಗಲೇ ಗೆಲುವು ಸೋಲು ಸಮವಾಗಿ ಆಡುತ್ತಿರುವವರಿಗೆ ಅದು ಚಿಕ್ಕ ಜಿಗಿತವಲ್ಲ. ಹೋಲಿಸಲು ಇನ್ನೊಂದು ಸಂಖ್ಯೆ ನಿಮ್ಮ ಬಳಿಯೇ ಇದೆ: ರೇಕ್, ಅಂದರೆ ಆಟ ನಡೆಸುವವರು ಪಾಟಿನಿಂದ (ಮೇಜಿನ ಮೇಲೆ ಕೂಡಿದ ಪಣದಿಂದ) ಕತ್ತರಿಸಿಕೊಳ್ಳುವ ಪಾಲು. ಪೋಕರ್‌ಟ್ರ್ಯಾಕರ್ ಅಥವಾ ಹೋಲ್ಡೆಮ್ ಮ್ಯಾನೇಜರ್‌ನಂಥ, ಆಡಿದ ಹ್ಯಾಂಡುಗಳ ದಾಖಲೆ ಇಡುವ ತಂತ್ರಾಂಶ (ಟ್ರ್ಯಾಕರ್) ತೆರೆದರೆ ನೀವು 100 ಹ್ಯಾಂಡಿಗೆ ಎಷ್ಟು ಬಿಬಿ ರೇಕ್ ಕೊಟ್ಟಿದ್ದೀರಿ ಎಂದು ತೋರಿಸುವ ಕಾಲಂ ಇರುತ್ತದೆ. ಸಣ್ಣ ಟೇಬಲುಗಳಲ್ಲಿ ಪಾಟಿನ ಶೇ. 5ರ ಆಸುಪಾಸು ಕತ್ತರಿಸುವುದು ಸಾಮಾನ್ಯ. ಮೇಲ್ಮಿತಿ ಇದ್ದರೂ ಚಿಕ್ಕ ಪಾಟು ಆ ಮಿತಿಯನ್ನು ಮುಟ್ಟುವುದೇ ಅಪರೂಪ, ಆದ್ದರಿಂದ ಬಿಬಿ ಲೆಕ್ಕದಲ್ಲಿ ಹೊರೆ ಕೆಳಗಿನವರ ಮೇಲೇ ಜಾಸ್ತಿ. ಆ ಕಾಲಂನಲ್ಲಿ 7 ಅಥವಾ 8 ಕಂಡರೆ ಕೋಚ್ ಹುಡುಕುವ ಮೊದಲು ರೇಕ್‌ಬ್ಯಾಕ್ (ಕತ್ತರಿಸಿದ ರೇಕ್‌ನ ಒಂದು ಭಾಗ ವಾಪಸು) ಹೆಚ್ಚು ಕೊಡುವ ಜಾಗವನ್ನೂ, ಸಡಿಲ ಆಟಗಾರರು ಕೂತಿರುವ ಟೇಬಲನ್ನೂ ಹುಡುಕಿ. ಅದಕ್ಕೆ ಯಾರಿಗೂ ಫೀಸು ಕೊಡಬೇಕಿಲ್ಲ.

ಇನ್ನು ಕೊಂಡದ್ದು ಫಲ ಕೊಟ್ಟಿತೇ ಎಂದು ತಿಳಿಯುವುದು ಹೇಗೆ? ಹೆಚ್ಚಿನವರು ಎಡವುವುದು ಇಲ್ಲಿ. ಕೋಚಿಂಗ್ ಮುಗಿದ ಮೇಲೆ 30,000 ಹ್ಯಾಂಡ್ ಆಡಿ, ಗ್ರಾಫ್ ಮೇಲಕ್ಕೆ ಹೋದರೆ ಕೋಚ್ ಒಳ್ಳೆಯವರು, ಕೆಳಕ್ಕೆ ಬಂದರೆ ಮೋಸ ಎಂದು ತೀರ್ಮಾನಿಸುತ್ತಾರೆ. ಆರು ಜನರ ನೋ ಲಿಮಿಟ್ ಹೋಲ್ಡೆಮ್‌ನಲ್ಲಿ (ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು, ಪಣಕ್ಕೆ ಮಿತಿಯಿಲ್ಲ) 100 ಹ್ಯಾಂಡಿನ ಸ್ಟ್ಯಾಂಡರ್ಡ್ ಡೀವಿಯೇಷನ್ (ಫಲಿತಾಂಶ ಸರಾಸರಿಯಿಂದ ಆಚೀಚೆ ಹರಡುವ ಅಳತೆ) ಸುಮಾರು 90 ಬಿಬಿ. ನಿಮ್ಮದೇ ನಿಖರ ಅಂಕಿ ಟ್ರ್ಯಾಕರ್‌ನಲ್ಲಿ ಸಿಗುತ್ತದೆ. 30,000 ಹ್ಯಾಂಡ್ ಎಂದರೆ 300 ನೂರುಗಳು. 90ನ್ನು 300ರ ವರ್ಗಮೂಲದಿಂದ ಭಾಗಿಸಿದರೆ 5.2. ಇದರ ಎರಡು ಪಟ್ಟು ಆಚೀಚೆ ಅದೃಷ್ಟದ ಪಾಲು. ಗ್ರಾಫ್ 100 ಹ್ಯಾಂಡಿಗೆ 8 ಬಿಬಿ ಗೆಲುವು ತೋರಿಸಿದರೂ ನಿಜವಾದ ದರ ಸೋಲಿನ 2 ಆಗಿರಬಹುದು, ಗೆಲುವಿನ 18 ಆಗಿರಬಹುದು. 3 ಬಿಬಿ ಸುಧಾರಣೆಯನ್ನು ಗೆಲುವಿನ ದರದಿಂದಲೇ ಖಚಿತಪಡಿಸಿಕೊಳ್ಳುತ್ತೇನೆ ಎಂದು ಹಠ ಹಿಡಿದರೆ ಕೋಚಿಂಗ್‌ಗೆ ಮುಂಚೆ 7.2 ಲಕ್ಷ ಹ್ಯಾಂಡ್, ಆಮೇಲೆ ಮತ್ತೆ ಅಷ್ಟೇ ಹ್ಯಾಂಡ್ ಬೇಕು. ಅಷ್ಟರಲ್ಲಿ ಆ ಟೇಬಲಿನ ಆಟವೇ ಬದಲಾಗಿರುತ್ತದೆ. ಆಲ್-ಇನ್ (ಇದ್ದ ಚಿಪ್ಸೆಲ್ಲ ಪಣಕ್ಕಿಟ್ಟ) ಹ್ಯಾಂಡುಗಳ ಅದೃಷ್ಟವನ್ನು ಕಳೆದು ತೋರಿಸುವ ಇವಿ (ಸರಾಸರಿ ನಿರೀಕ್ಷಿತ ಗಳಿಕೆ) ಗೆರೆ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ನಿಮ್ಮ ಸೆಟ್ (ಒಂದೇ ಅಂಕಿಯ ಮೂರು ಎಲೆ) ಮೇಲೆ ದೊಡ್ಡ ಸೆಟ್ ಬಂದು ಹೋದ ಹಣವನ್ನು ಅದು ಸರಿಪಡಿಸುವುದಿಲ್ಲ.

ಆದ್ದರಿಂದ ನಾನು ಅಳೆಯುವುದು ಗೆದ್ದ ಹಣವನ್ನಲ್ಲ, ನಿರ್ಧಾರ ಎಷ್ಟು ಸಲ ಹೇಗಾಯಿತು ಎಂಬುದನ್ನು. ಅದು ಬಹಳ ಬೇಗ ನೆಲೆಗೆ ನಿಲ್ಲುತ್ತದೆ. ಉದಾಹರಣೆಗೆ ನೀವು ರೇಸ್ ಮಾಡಿದ (ಪಣ ಏರಿಸಿದ) ಮೇಲೆ ಎದುರಾಳಿ ತ್ರೀ-ಬೆಟ್ ಮಾಡಿದಾಗ (ಅದರ ಮೇಲೂ ಏರಿಸಿದಾಗ) ನೀವು ಎಷ್ಟು ಸಲ ಫೋಲ್ಡ್ ಮಾಡುತ್ತೀರಿ (ಎಲೆ ಬಿಟ್ಟುಕೊಡುತ್ತೀರಿ) ಎಂಬುದು. ಬಟನ್‌ನಿಂದ (ಡೀಲರ್ ಸ್ಥಾನ, ಮುಂದಿನ ಸುತ್ತುಗಳಲ್ಲಿ ಕೊನೆಗೆ ಆಡುವವರ ಜಾಗ) 2.5 ಬಿಬಿಗೆ ಮೊದಲ ರೇಸ್ ಮಾಡಿದ್ದೀರಿ, ಬಿಗ್ ಬ್ಲೈಂಡ್ ಹಾಕಿದವನು 11ಕ್ಕೆ ಏರಿಸಿದ. ಅವನು ಹೊಸದಾಗಿ ಹಾಕಿದ್ದು 10, ಗೆಲ್ಲಲು ಇರುವುದು ನಿಮ್ಮ 2.5, ಸ್ಮಾಲ್ ಬ್ಲೈಂಡಿನ 0.5, ಅವನದೇ ಮೊದಲ 1, ಒಟ್ಟು 4. ನೀವು 14ರಲ್ಲಿ 10 ಸಲ, ಅಂದರೆ ಶೇ. 71ಕ್ಕಿಂತ ಹೆಚ್ಚು ಸಲ ಬಿಟ್ಟುಕೊಟ್ಟರೆ ಅವನು ಕೈಯಲ್ಲಿ ಏನಿದ್ದರೂ ಲಾಭವೇ. ಕೋಚಿಂಗ್‌ಗೆ ಮುಂಚೆ ನಿಮ್ಮ ಅಂಕಿ 72 ಇತ್ತು, ಆಮೇಲೆ 58ಕ್ಕೆ ಬಂತು ಅನ್ನೋಣ. ಎಲ್ಲ ಜಾಗಗಳೂ ಸೇರಿ ಇಂಥ ಸಂದರ್ಭ 500 ಸಲ ಬರಲು ಸುಮಾರು 15,000 ಹ್ಯಾಂಡ್ ಸಾಕು, 500 ಸಲಕ್ಕೆ ಆಚೀಚೆ ತೂಗಾಟ 4–5 ಅಂಶ ಮಾತ್ರ. 14 ಅಂಶದ ಬದಲಾವಣೆ ಅದೃಷ್ಟದ್ದಲ್ಲ. ನೀವು ಕಲಿತದ್ದು ಟೇಬಲಿನಲ್ಲಿ ಕಾಣಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ. ಒಂದು ಎಚ್ಚರ: ಬಟನ್ ಒಂದನ್ನೇ, ಅದೂ ಬಿಗ್ ಬ್ಲೈಂಡಿನ ವಿರುದ್ಧ ಎಂದು ಸೋಸುತ್ತಾ ಹೋದರೆ 15,000 ಹ್ಯಾಂಡಿನಲ್ಲಿ ನೂರು ಸಂದರ್ಭವೂ ಉಳಿಯುವುದಿಲ್ಲ, ಅಂಕಿ ಮತ್ತೆ ಓಲಾಡುತ್ತದೆ.

ಆದರೆ ಅಂಕಿ ಸರಿಯಾಯಿತು ಎಂದ ಮಾತ್ರಕ್ಕೆ ಹಣ ಬರುವುದಿಲ್ಲ. ಯಾವ ಲೀಕ್‌ಗೆ (ಪದೇ ಪದೇ ಹಣ ಸೋರುವ ತಪ್ಪಿಗೆ) ಎಷ್ಟು ಬೆಲೆ ಎಂದು ಮೊದಲೇ ತೂಗಿ ನೋಡಬೇಕು. ಕೋಚ್‌ಗಳು ಇಷ್ಟಪಟ್ಟು ಹೇಳಿಕೊಡುವ ವಿಷಯ ಬಿಗ್ ಬ್ಲೈಂಡ್ ರಕ್ಷಣೆ, ಅಂದರೆ ಬಿಗ್ ಬ್ಲೈಂಡ್ ಹಾಕಿ ಕೂತಾಗ ರೇಸ್ ಬಂದರೂ ಬಿಡದೆ ಆಡುವುದು. 2.5 ಬಿಬಿ ರೇಸ್‌ಗೆ 1.5 ಕೊಟ್ಟು 5.5ರ ಪಾಟ್ ನೋಡುತ್ತೀರಿ, ಬೇಕಾದ ಇಕ್ವಿಟಿ (ಪಾಟಿನಲ್ಲಿ ನಿಮ್ಮ ಗೆಲುವಿನ ಪಾಲು) ಶೇ. 27. ಇದನ್ನು ನೋಡಿ ಹೆಚ್ಚು ಕೈಗಳಿಂದ (ಎಲೆಜೋಡಿಗಳಿಂದ) ಕಾಲ್ ಮಾಡಲು, ಅಂದರೆ ಪಣ ಸರಿಗಟ್ಟಲು, ಕಲಿಸುತ್ತಾರೆ, ಸರಿಯೇ. ಆದರೆ ಬಟನ್ ವಿರುದ್ಧ ಇಂಥ ಸಂದರ್ಭ 100 ಹ್ಯಾಂಡಿನಲ್ಲಿ ಮೂರು ನಾಲ್ಕು ಸಲ ಬರುತ್ತದೆ. ಅದರಲ್ಲಿ ಐದನೇ ಒಂದು ಭಾಗದಲ್ಲಿ ನೀವು ತಪ್ಪಾಗಿ ಬಿಡುತ್ತಿದ್ದು, ಅಂಚಿನ ಕೈಗಳಾದ್ದರಿಂದ ಪ್ರತಿ ತಪ್ಪಿಗೆ 0.15 ಬಿಬಿ ಹೋಗುತ್ತಿದ್ದರೆ ಒಟ್ಟು ನಷ್ಟ 100 ಹ್ಯಾಂಡಿಗೆ 0.1 ಬಿಬಿ. ಎರಡು ಗಂಟೆ ಪಾಠಕ್ಕೆ ಅಷ್ಟೇ ಫಲ.

ಈಗ ರಿವರ್ (ಐದನೆಯ, ಕೊನೆಯ ಎಲೆಯ ಸುತ್ತು) ನೋಡಿ. ಪಾಟ್ 40 ಬಿಬಿ. ನಿಮ್ಮ ಬಳಿ ಮೇಜಿನ ಎಲ್ಲ ಎಲೆಗಿಂತ ದೊಡ್ಡ ಜೋಡಿ, ಅಂದರೆ ಓವರ್‌ಪೇರ್. 20 ಬೆಟ್ ಮಾಡಿದಿರಿ, ಎದುರಾಳಿ 60ಕ್ಕೆ ರೇಸ್ ಮಾಡಿದ. 40 ಕೊಟ್ಟು 120 ಗೆಲ್ಲುವ ಅವಕಾಶ, ಶೇ. 25 ಸಲ ಅವನು ಬ್ಲಫ್ ಮಾಡುತ್ತಿದ್ದರೆ ಕಾಲ್ ಸಮ. ಸಣ್ಣ ಟೇಬಲುಗಳಲ್ಲಿ ರಿವರ್ ರೇಸ್‌ನಲ್ಲಿ ಬ್ಲಫ್ ಇರುವುದು ಅದಕ್ಕಿಂತ ಬಹಳ ಕಡಿಮೆ. ಶೇ. 10 ಎಂದಿಟ್ಟುಕೊಂಡರೆ ಹತ್ತರಲ್ಲಿ ಒಂದು ಸಲ 120 ಬರುತ್ತದೆ, ಒಂಬತ್ತು ಸಲ 40 ಹೋಗುತ್ತದೆ; ಸರಾಸರಿ ಒಂದೊಂದು ಕಾಲ್‌ಗೆ 24 ಬಿಬಿ ನಷ್ಟ. ಸಾವಿರ ಹ್ಯಾಂಡಿಗೆ ಒಂದೇ ಸಲ ಹೀಗೆ ಕಾಲ್ ಮಾಡಿದರೂ 100 ಹ್ಯಾಂಡಿಗೆ 2.4 ಬಿಬಿ ಕರಗಿತು. ಬಿಗ್ ಬ್ಲೈಂಡ್ ರಕ್ಷಣೆಯ ಲೀಕ್‌ಗಿಂತ ಇಪ್ಪತ್ತನಾಲ್ಕು ಪಟ್ಟು. ಇದನ್ನು ಕಲಿಸಲು ಹದಿನೈದು ನಿಮಿಷ ಸಾಕು. ಪಾಲಿಸಲು ಬೇಕಾಗುವುದು ಶಿಸ್ತು. ಆವರ್ತನವನ್ನು ಪ್ರತಿ ತಪ್ಪಿನ ಬೆಲೆಯಿಂದ ಗುಣಿಸಿ ಲೀಕ್‌ಗಳ ಪಟ್ಟಿ ಮಾಡಿ, ಮೇಲಿನ ಎರಡಕ್ಕೇ ಹಣ ಕೊಡಿ. ಹೀಗೆ ಗುಣಿಸಿ ತೋರಿಸದೆ ಮೊದಲ ದಿನವೇ ಫ್ಲಾಪ್ (ಮೇಜಿನ ಮೊದಲ ಮೂರು ಎಲೆ) ಸಿ-ಬೆಟ್ (ಮೊದಲು ರೇಸ್ ಮಾಡಿದವರೇ ಮತ್ತೆ ಹಾಕುವ ಪಣ) ಪಾಠ ಶುರುಮಾಡುವ ಕೋಚ್ ಎಲ್ಲರಿಗೂ ಒಂದೇ ಕಷಾಯ ಕುಡಿಸುವ ನಾಟಿವೈದ್ಯನಿದ್ದಂತೆ.

ಕೋಚ್ ಮುಂದೆ ಕೂರುವ ಮೊದಲು ಮಾಡಬೇಕಾದ ಕೆಲಸ ಕೋಚಿಂಗ್‌ನ ಅರ್ಧ. ನನ್ನ ಕ್ರಮ ಹೀಗಿದೆ. ಇತ್ತೀಚಿನ 50,000 ಹ್ಯಾಂಡುಗಳ ಹಿಸ್ಟರಿಯನ್ನು ಒಂದೇ ಬಗೆಯ ಟೇಬಲಿನಿಂದ ಆರಿಸಿಕೊಳ್ಳಬೇಕು; ಜೂಮ್ (ಫೋಲ್ಡ್ ಮಾಡಿದ ಕೂಡಲೇ ಹೊಸ ಟೇಬಲಿಗೆ ಸಾಗಿಸುವ ವೇಗದ ಆಟ), ಸಾಮಾನ್ಯ ಟೇಬಲ್, ಟೂರ್ನಮೆಂಟ್ ಎಲ್ಲ ಕಲಸಿದರೆ ಅಂಕಿಗಳು ಯಾವುದನ್ನೂ ಹೇಳುವುದಿಲ್ಲ. ಜಿಜಿಪೋಕರ್‌ನಿಂದ ಇಳಿಸಿಕೊಂಡ ಹಿಸ್ಟರಿಯಲ್ಲಿ ಎದುರಾಳಿಗಳ ಹೆಸರು ಮರೆಮಾಚಿರುತ್ತದೆ. ನಿಮ್ಮ ಲೀಕ್ ಹುಡುಕಲು ಅದು ಅಡ್ಡಿಯಲ್ಲ, ಎದುರಾಳಿಯನ್ನು ಓದುವ ಪಾಠಕ್ಕೆ ಅಡ್ಡಿ. ಮೊದಲು ಸಾರಾಂಶದ ಅಂಕಿ ನೋಡಿ. ಆರು ಜನರ ಟೇಬಲಿನಲ್ಲಿ ಗೆಲ್ಲುವವರ ವಿಪಿಐಪಿ (ತಾವಾಗಿ ಹಣ ಹಾಕಿದ ಹ್ಯಾಂಡುಗಳ ಶೇಕಡಾ) ಸಾಮಾನ್ಯವಾಗಿ 22–27, ಪಿಎಫ್‌ಆರ್ (ಫ್ಲಾಪಿಗೆ ಮೊದಲೇ ರೇಸ್ ಮಾಡಿದ ಶೇಕಡಾ) 18–22, ತ್ರೀ-ಬೆಟ್ 7–10ರ ನಡುವೆ. ನಿಮ್ಮ ಮೊದಲ ಎರಡು ಅಂಕಿ 35/12 ಇದ್ದರೆ ಕೋಚ್ ಬೇಡ, ಪ್ರೀಫ್ಲಾಪ್ ಚಾರ್ಟ್ (ಫ್ಲಾಪಿಗೆ ಮೊದಲು ಯಾವ ಕೈ ಆಡಬೇಕೆಂಬ ಪಟ್ಟಿ) ಬೇಕು. ಅದು ಉಚಿತವಾಗಿ ಸಿಗುತ್ತದೆ, ಎರಡು ವಾರ ಪಕ್ಕದಲ್ಲಿಟ್ಟುಕೊಂಡು ಅಭ್ಯಾಸ ಮಾಡಿದರೆ ಬಾಯಿಪಾಠವಾಗುತ್ತದೆ. (ಆಡುವಾಗ ಸಾಲ್ವರ್ ಎಂಬ, ಸರಿಯಾದ ಆಟವನ್ನು ಲೆಕ್ಕ ಹಾಕುವ ತಂತ್ರಾಂಶ ತೆರೆದು ನೋಡುವುದನ್ನು ದೊಡ್ಡ ಸೈಟುಗಳು ನಿಷೇಧಿಸಿವೆ, ಸಿಕ್ಕಿಬಿದ್ದರೆ ಖಾತೆಯಲ್ಲಿದ್ದ ಹಣವೂ ಹೋಗಬಹುದು. ಅಭ್ಯಾಸ ಆಟದ ಹೊರಗೆ.)

ಆಮೇಲೆ ಸೋಸಬೇಕು. ಪಾಟ್ 30 ಬಿಬಿ ದಾಟಿದ, ನೀವು ರಿವರ್ ತನಕ ಹೋದ ಹ್ಯಾಂಡುಗಳು ಒಂದು ಗುಂಪು. ತ್ರೀ-ಬೆಟ್ ಪಾಟಿನಲ್ಲಿ ಪೊಸಿಷನ್ ಇಲ್ಲದೆ (ಎದುರಾಳಿಗಿಂತ ಮೊದಲೇ ನಿರ್ಧರಿಸಬೇಕಾಗಿ) ಆಡಿದವು ಇನ್ನೊಂದು. ಶೋಡೌನ್ (ಕೊನೆಗೆ ಎಲೆ ತೋರಿಸುವುದು) ಇಲ್ಲದೆ ನಾಲ್ಕನೆಯ ಎಲೆಯಲ್ಲಿ, ಅಂದರೆ ಟರ್ನ್‌ನಲ್ಲಿ ಬಿಟ್ಟುಕೊಟ್ಟವು ಮೂರನೆಯದು. ಪ್ರತಿ ಗುಂಪಿನಿಂದ ಐದಾರು ಹ್ಯಾಂಡ್ ತೆಗೆಯಿರಿ, ಆರಿಸುವಾಗ ಫಲಿತಾಂಶದ ಕಾಲಂ ಮುಚ್ಚಿಬಿಡಿ. ಇದು ಮುಖ್ಯ. ಮುಚ್ಚದಿದ್ದರೆ ಕೈ ತನಗೆ ತಾನೇ ಏಸ್-ಏಸ್ ಸೋತ ಹ್ಯಾಂಡುಗಳತ್ತ ಹೋಗುತ್ತದೆ, ಗಂಟೆಗೆ 60 ಡಾಲರ್ ಕೊಟ್ಟು ಸಾಂತ್ವನ ಕೊಂಡಂತಾಗುತ್ತದೆ. ಪ್ರತಿ ಹ್ಯಾಂಡಿನ ಕೆಳಗೆ ಎರಡು ಸಾಲು ಬರೆಯಿರಿ: ಆ ಕ್ಷಣ ಎದುರಾಳಿಯ ರೇಂಜ್ (ಅವನ ಬಳಿ ಇರಬಹುದಾದ ಕೈಗಳು) ಏನೆಂದುಕೊಂಡಿದ್ದಿರಿ, ಏಕೆ ಹಾಗೆ ಆಡಿದಿರಿ. ಕೋಚ್ ತಿದ್ದಬೇಕಾದದ್ದು ಈ ಎರಡು ಸಾಲುಗಳನ್ನು. ಬರೆಯದೆ ಹೋದರೆ ಅವರು ನಿಮ್ಮ ಆಟವನ್ನಲ್ಲ, ತಮ್ಮ ಆಟವನ್ನು ವಿವರಿಸಿ ಕಳಿಸುತ್ತಾರೆ.

ಗಂಟೆಗಳನ್ನು ಹಂಚುವ ಬಗೆಯಲ್ಲೂ ಹಣ ಉಳಿಯುತ್ತದೆ. ಮೊದಲ ಗಂಟೆ ಡೇಟಾಬೇಸ್‌ಗೆ, ಮೇಲಿನ ಎರಡು ಲೀಕ್ ಗುರುತಿಸಲು. ಎರಡನೆಯದಕ್ಕೆ ನೀವು ಎರಡೇ ಟೇಬಲ್ ತೆರೆದು, ಪ್ರತಿ ನಿರ್ಧಾರವನ್ನು ಬಾಯಲ್ಲಿ ಹೇಳುತ್ತಾ ಆಡಿದ 45 ನಿಮಿಷದ ವಿಡಿಯೊ. ಓಬಿಎಸ್‌ನಂಥ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಬಹುದು. ಕೋಚ್ ಅದನ್ನು ಮೊದಲೇ ನೋಡಿಟ್ಟು, ನಿಲ್ಲಿಸಬೇಕಾದ ನಿಮಿಷಗಳನ್ನು ಗುರುತು ಹಾಕಿಕೊಂಡು ಬರಬೇಕು. ನಿಮ್ಮ ಗಂಟೆಯೊಳಗೆ ಮೊದಲ ಸಲ ನೋಡುವುದಾದರೆ ಅರ್ಧ ಸಮಯ ಫೋಲ್ಡ್‌ಗಳನ್ನು ನೋಡುವುದರಲ್ಲೇ ಕಳೆಯುತ್ತದೆ. ಎರಡು ಗಂಟೆಗಳ ನಡುವೆ ಎರಡು ವಾರ ಬಿಡಿ. ಒಂದು ಗಂಟೆ ಪಾಠಕ್ಕೆ ಮೂರು ನಾಲ್ಕು ಗಂಟೆ ಮನೆಯಲ್ಲಿ ಅಭ್ಯಾಸ ಮಾಡದವರಿಗೆ ಕೋಚಿಂಗ್ ಬೇಡ ಎಂದೇ ನನ್ನ ಅಭಿಪ್ರಾಯ. ಮೂರನೆಯ ಗಂಟೆಯನ್ನು 15,000 ಹ್ಯಾಂಡ್ ಆದ ಮೇಲೆ, ಆ ಎರಡು ಅಂಕಿ ಚಲಿಸಿವೆಯೇ ಎಂದು ನೋಡಿದ ಮೇಲೆ ಮಾತ್ರ ಕೊಳ್ಳಿ. ಇಪ್ಪತ್ತು ಗಂಟೆಯ ಪ್ಯಾಕೇಜಿಗೆ ರಿಯಾಯಿತಿ ಇದೆ ಎಂದು ಮುಂಗಡ ಕಟ್ಟಿದವರಿಗೆ ಈ ನಿಲುಗಡೆ ಸಿಗುವುದಿಲ್ಲ.

ಯಾವುದಕ್ಕೆ ಹಣ ಕೊಡಬಾರದು ಎಂಬುದೂ ಅಷ್ಟೇ ಸ್ಪಷ್ಟ. ಪಾಟ್ ಆಡ್ಸ್ (ಕೊಡುವ ಹಣಕ್ಕೂ ಪಾಟಿಗೂ ಇರುವ ಅನುಪಾತ), ಬೆಟ್ ಸೈಜ್‌ಗೆ ತಕ್ಕ ಬ್ಲಫ್ ಗಣಿತ: ಅರ್ಧ ಪಾಟ್ ಬೆಟ್ ಶೇ. 33 ಸಲ ಫೋಲ್ಡ್ ಆದರೆ ಸಮ, ಮುಕ್ಕಾಲು ಪಾಟ್ ಶೇ. 43, ಪೂರ್ತಿ ಪಾಟ್ ಶೇ. 50. ಇವು ಒಂದು ಸಂಜೆಯ ಪಾಠ, ಕಾಗದ ಪೆನ್ನು ಸಾಕು. ರೇಂಜ್ ಇಕ್ವಿಟಿಯ ಲೆಕ್ಕಕ್ಕೆ ಈಕ್ವಿಲ್ಯಾಬ್ ತಂತ್ರಾಂಶ ಉಚಿತ. ರನ್ ಇಟ್ ಒನ್ಸ್, ಅಪ್‌ಸ್ವಿಂಗ್‌ನಂಥ ತರಬೇತಿ ತಾಣಗಳ ವಿಡಿಯೊಗಳಲ್ಲಿ ಸಾಮಾನ್ಯ ತತ್ತ್ವವೆಲ್ಲ ಇದೆ. ವ್ಯಕ್ತಿಗತ ಕೋಚ್‌ನಿಂದ ಕೊಳ್ಳಬೇಕಾದದ್ದು ಅಲ್ಲಿ ಸಿಗದ್ದನ್ನು, ಅಂದರೆ ನಿಮ್ಮ ತಪ್ಪಿನ ರೋಗನಿರ್ಣಯವನ್ನು.

ಸಾಲ್ವರ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕೋಚಿಂಗ್ ಗಂಟೆಗಳು ಹೆಚ್ಚು ಹಾಳಾಗುವುದು ಇಲ್ಲಿ. ಪಯೋಸಾಲ್ವರ್, ಜಿಟಿಒ+ ಇವು ನೀವು ಕೊಟ್ಟ ರೇಂಜ್, ಕೊಟ್ಟ ಬೆಟ್ ಸೈಜ್, ಕೊಟ್ಟ ರೇಕ್ ಇಟ್ಟುಕೊಂಡು ಸಮತೋಲ, ಅಂದರೆ ಯಾರೂ ಆಟ ಬದಲಿಸಿ ಹೆಚ್ಚು ಗಳಿಸಲಾಗದ ಸ್ಥಿತಿ, ಹುಡುಕುತ್ತವೆ. ಪ್ರೀಫ್ಲಾಪ್ ರೇಂಜ್ ತಪ್ಪು ಕೊಟ್ಟರೆ ಉತ್ತರ ದಶಮಾಂಶದ ಎರಡು ಸ್ಥಾನದವರೆಗೆ ನಿಖರವಾಗಿ ತಪ್ಪಾಗಿರುತ್ತದೆ. ಇನ್ನೊಂದು: ಒಂದು ಕೈಯನ್ನು ಶೇ. 60 ಸಲ ಬೆಟ್, ಶೇ. 40 ಸಲ ಚೆಕ್ (ಪಣ ಹಾಕದೆ ದಾಟಿಸುವುದು) ಎಂದು ಸಾಲ್ವರ್ ತೋರಿಸಿದರೆ ಅರ್ಥ, ಅಲ್ಲಿ ಎರಡರ ಇವಿಯೂ ಒಂದೇ. ಯಾವುದನ್ನು ಮಾಡಿದರೂ ಆ ಸಮತೋಲದ ಎದುರು ನಷ್ಟವಿಲ್ಲ. ಇಂಥ ಕೈ ಮೇಲೆ ಇಪ್ಪತ್ತು ನಿಮಿಷ ಚರ್ಚಿಸುವ ಕೋಚ್ 20 ಡಾಲರ್ ನೀರಿಗೆ ಹಾಕಿಸಿದರು. ಒಳ್ಳೆಯ ಕೋಚ್ ಸಾಲ್ವರ್‌ನಲ್ಲಿ ನೋಡ್ ಲಾಕ್ ಮಾಡಿ, ಎದುರಾಳಿ ರಿವರ್‌ನಲ್ಲಿ ಇಷ್ಟೇ ಬ್ಲಫ್ ಮಾಡುತ್ತಾನೆ ಎಂದು ಕಟ್ಟಿಹಾಕಿ, ಆಗ ನಿಮ್ಮ ಉತ್ತರ ಎಷ್ಟು ಬದಲಾಗುತ್ತದೆ ಎಂದು ತೋರಿಸುತ್ತಾರೆ. ಮೇಲೆ ಹೇಳಿದ 2.4 ಬಿಬಿ ಕಾಣುವುದು ಹಾಗೆ ಕಟ್ಟಿಹಾಕಿದಾಗ. ಸಮತೋಲದ ಚಾರ್ಟಿನಲ್ಲಿ ಅದೇ ಕಾಲ್ ಸರಿಯೆಂದೇ ಇರುತ್ತದೆ.

ಕೋಚನ್ನು ಆರಿಸುವಾಗ ಗ್ರಾಫ್ ಕೇಳಿ, ಅದರಲ್ಲಿ ನಾಲ್ಕು ವಿಷಯ ನೋಡಿ: ಅಡ್ಡ ಅಕ್ಷದಲ್ಲಿ ಎಷ್ಟು ಹ್ಯಾಂಡ್, ಯಾವ ಟೇಬಲ್, ಯಾವ ವರ್ಷ, ಸೋಸಿ ತೆಗೆದದ್ದೇ ಅಥವಾ ಪೂರ್ತಿಯೇ. 30,000 ಹ್ಯಾಂಡಿನ ಗ್ರಾಫಿನ ಬೆಲೆ ಏನೆಂದು ಈಗಾಗಲೇ ಲೆಕ್ಕ ಹಾಕಿದ್ದೇವೆ. ಟೂರ್ನಮೆಂಟ್ ಕೋಚ್‌ಗಳು ಹೆಂಡನ್ ಮಾಬ್ (ಟೂರ್ನಮೆಂಟ್ ಬಹುಮಾನಗಳ ದಾಖಲೆ ತಾಣ) ಪುಟದ ಒಟ್ಟು ಮೊತ್ತ ತೋರಿಸುತ್ತಾರೆ. ಅದು ಗೆದ್ದ ಬಹುಮಾನಗಳ ಮೊತ್ತ. ಪ್ರವೇಶಕ್ಕೆ ಕಟ್ಟಿದ ಬೈ-ಇನ್‌ಗಳನ್ನು ಅಲ್ಲಿ ಕಳೆದಿರುವುದಿಲ್ಲ. ಹತ್ತು ಲಕ್ಷ ಡಾಲರ್ ಬಹುಮಾನ, ಹನ್ನೊಂದು ಲಕ್ಷ ಬೈ-ಇನ್ ಇರುವವರ ಪುಟವೂ ಹಾಗೆಯೇ ಮಿನುಗುತ್ತದೆ. ಆನ್‌ಲೈನ್ ಟೂರ್ನಮೆಂಟ್‌ಗಾದರೆ ಶಾರ್ಕ್‌ಸ್ಕೋಪ್‌ನಲ್ಲಿ ಆರ್‌ಒಐ (ಹೂಡಿದ್ದಕ್ಕೆ ಲಾಭದ ಶೇಕಡಾ) ಕೇಳಬಹುದು. ಮತ್ತೊಂದು ಪರೀಕ್ಷೆ ನಾನು ತಪ್ಪಿಸುವುದಿಲ್ಲ: ಪರಿಚಯದ ಕರೆಯಲ್ಲಿ ಒಂದು ಹ್ಯಾಂಡನ್ನು ಬೇಕೆಂದೇ ಅರ್ಧ ವಿವರದೊಂದಿಗೆ ಹೇಳುವುದು. ಸ್ಟ್ಯಾಕ್ (ಮುಂದಿರುವ ಚಿಪ್ಸ್) ಎಷ್ಟು, ಎದುರಾಳಿ ಎಂಥವನು, ಟರ್ನ್ ಬೆಟ್ ಪಾಟಿನ ಎಷ್ಟು ಭಾಗ ಎಂದು ಮರುಪ್ರಶ್ನೆ ಬಂದರೆ ಮುಂದುವರಿಯಬಹುದು. ಕೇಳದೆಯೇ "ಇದು ಸುಲಭದ ಫೋಲ್ಡ್" ಎಂದರೆ ಅಲ್ಲಿಗೆ ನಮಸ್ಕಾರ. ಗೆಲ್ಲುವ ಆಟಗಾರರೆಲ್ಲ ಕಲಿಸಬಲ್ಲವರಲ್ಲ. ನಿಮಗಿಂತ ಎರಡು ಮೆಟ್ಟಿಲು ಮೇಲಿನ ಟೇಬಲಿನಲ್ಲಿ ಈಗ ಆಡುತ್ತಿರುವವರು, ದೊಡ್ಡ ಹೆಸರಿನವರಿಗಿಂತ ಅಗ್ಗ, ಹಲವು ಸಲ ಹೆಚ್ಚು ಉಪಯುಕ್ತ, ಏಕೆಂದರೆ ನಿಮ್ಮ ಎದುರಾಳಿಗಳನ್ನು ಅವರು ಇನ್ನೂ ಮರೆತಿಲ್ಲ.

ಟೂರ್ನಮೆಂಟ್ ಆಡುವವರು ಕಲಿಯಬೇಕಾದ ಮೊದಲ ಪಾಠ ಐಸಿಎಂ, ಅಂದರೆ ಚಿಪ್ಸಿಗೆ ಬಹುಮಾನದ ಹಣದಲ್ಲಿ ಬೆಲೆ ಕಟ್ಟುವ ಲೆಕ್ಕ. ನಾಲ್ವರು ಉಳಿದಿದ್ದಾರೆ, ಬಹುಮಾನ ಮೂವರಿಗೆ, ಶೇ. 50, 30, 20. ಎಲ್ಲರ ಸ್ಟ್ಯಾಕ್ ಸಮ, ಆದ್ದರಿಂದ ಪ್ರತಿಯೊಬ್ಬರ ಪಾಲು ಬಹುಮಾನ ನಿಧಿಯ ಶೇ. 25. ಒಬ್ಬ ಆಲ್-ಇನ್ ಮಾಡಿದ, ನೀವು ಕಾಲ್ ಮಾಡಿ ಗೆದ್ದರೆ ಸ್ಟ್ಯಾಕ್ ದುಪ್ಪಟ್ಟು, ಆದರೆ ಪಾಲು 50 ಆಗುವುದಿಲ್ಲ, 38.3 ಆಗುತ್ತದೆ. ಸೋತರೆ ಸೊನ್ನೆ. ಬ್ಲೈಂಡುಗಳನ್ನು ಬಿಟ್ಟು ಲೆಕ್ಕ ಹಾಕಿದರೆ 25ನ್ನು 38.3ರಿಂದ ಭಾಗಿಸಿ ಶೇ. 65 ಸಲ ಗೆಲ್ಲಬೇಕು. ಬೇರೆ ಬೇರೆ ಸೂಟ್‌ನ ಏಸ್-ಕಿಂಗ್ ಯಾವುದೇ ಎರಡು ಎಲೆಗಳ ವಿರುದ್ಧ ಗೆಲ್ಲುವುದು ಸುಮಾರು ಶೇ. 65. ಅಂದರೆ ಎದುರಾಳಿ ಎಲೆ ನೋಡದೆಯೇ ತಳ್ಳುತ್ತಿದ್ದರೂ ಏಸ್-ಕಿಂಗ್‌ಗೆ ಅಲ್ಲಿ ಬರೀ ಸಮ. ಈ ಲೆಕ್ಕದ ತಂತ್ರಾಂಶಗಳಾದ ಐಸಿಎಂಐಜರ್ ಅಥವಾ ಎಚ್‌ಆರ್‌ಸಿ ಇಟ್ಟುಕೊಂಡು ಫೈನಲ್ ಟೇಬಲಿನ ಇಂಥ ಸಂದರ್ಭಗಳನ್ನು ದಿನಕ್ಕೆ ಇಪ್ಪತ್ತರಂತೆ ಒಂದು ತಿಂಗಳು ಮಾಡುವುದು ತುಂಬಾ ಕಡಿಮೆ ಖರ್ಚಿನ ಕಲಿಕೆ. ಕೋಚ್ ಬೇಕಾಗುವುದು ಅದಾದ ಮೇಲೆ. ಟೂರ್ನಮೆಂಟ್‌ನ ಏರಿಳಿತ ಕ್ಯಾಶ್ ಆಟಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಫಲಿತಾಂಶದಿಂದ ಕೋಚನ್ನು ಅಳೆಯುವ ಆಸೆಯನ್ನು ಅಲ್ಲಿ ಪೂರ್ತಿ ಬಿಡಬೇಕು.

ಫೀಸಿನ ಬದಲು ಲಾಭದಲ್ಲಿ ಪಾಲು ಕೇಳುವ ಒಪ್ಪಂದಗಳಿವೆ. ಮುಂಗಡ ಇಲ್ಲ, ಗೆದ್ದರೆ ಶೇ. 35 ಅಥವಾ 50 ಎಂಬಂಥವು. ಕೇಳಲು ಹಿತ. ಎನ್‌ಎಲ್ 50ರಲ್ಲಿ 5 ಬಿಬಿ ಗೆಲ್ಲುವವರು 2 ಲಕ್ಷ ಹ್ಯಾಂಡಿನಲ್ಲಿ 5,000 ಡಾಲರ್ ಗಳಿಸುತ್ತಾರೆ, ಶೇ. 40 ಎಂದರೆ 2,000 ಡಾಲರ್ ಕೋಚ್‌ಗೆ. ಅವರು ಸೇರುವ ಮೊದಲೇ 3 ಬಿಬಿ ಗೆಲ್ಲುತ್ತಿದ್ದರೆ ಕೋಚ್ ತಂದ ಹೆಚ್ಚುವರಿ 2,000, ಕೊಟ್ಟದ್ದೂ 2,000. ಹಾಗಾಗಿ ಇದು ಈಗಾಗಲೇ ಗೆಲ್ಲುತ್ತಿರುವವರಿಗೆ ದುಬಾರಿ, ಸಮದಲ್ಲಿ ಆಡುತ್ತಿರುವವರಿಗೆ ಸರಿಹೊಂದಬಹುದು. ಸಹಿ ಹಾಕುವ ಮೊದಲು ನೋಡಬೇಕಾದ ಸಾಲುಗಳು: ಪಾಲು ಇರುವುದು ಹ್ಯಾಂಡ್ ಲೆಕ್ಕಕ್ಕೋ ಮೊತ್ತದ ಲೆಕ್ಕಕ್ಕೋ, ಮೇಲ್ಮಿತಿ ಇದೆಯೇ, ಸೋತ ತಿಂಗಳ ನಷ್ಟವನ್ನು ಮುಂದಿನ ತಿಂಗಳ ಲಾಭದಿಂದ ಮೊದಲು ಕಳೆಯುತ್ತಾರೆಯೇ, ರೇಕ್‌ಬ್ಯಾಕ್‌ನಲ್ಲೂ ಪಾಲೇ, ತಿಂಗಳಿಗೆ ಕನಿಷ್ಠ ಎಷ್ಟು ಹ್ಯಾಂಡ್ ಆಡಬೇಕು, ನಡುವೆ ಬಿಟ್ಟರೆ ದಂಡ ಎಷ್ಟು. ನಡುವೆ ಬಿಟ್ಟರೆ ಗಂಟೆ ಲೆಕ್ಕದ ಪೂರ್ತಿ ಫೀಸು ಕಟ್ಟಬೇಕು ಎಂಬ ಸಾಲು ಅನೇಕ ಒಪ್ಪಂದಗಳ ಕೊನೆಯ ಪುಟದಲ್ಲಿ ಕೂತಿರುತ್ತದೆ.

ಭಾರತದಲ್ಲಿರುವವರಿಗೆ ಮೇಲಿನ ಆನ್‌ಲೈನ್ ಲೆಕ್ಕದ ಬಹುಪಾಲು ಈಗ ಅನ್ವಯಿಸುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನು ಅದು ನಿಷೇಧಿಸುತ್ತದೆ, ದೇಶದ ದೊಡ್ಡ ಪೋಕರ್ ಆ್ಯಪ್‌ಗಳು ಕೂಡಲೇ ಹಣದ ಟೇಬಲ್ ಮುಚ್ಚಿದವು. ರಿಕ್ರಿಯೇಷನ್ ಕ್ಲಬ್ಬುಗಳಲ್ಲಿ ಕೌಶಲದ ಆಟವಾಗಿ ಪೋಕರ್ ಆಡಲು ಪರವಾನಗಿ ಬೇಡ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದ್ದು ನೇರವಾಗಿ ಕೂತು ಆಡುವ ಆಟದ ಮಾತು. 2017ರಲ್ಲಿ ಗುಜರಾತ್ ಹೈಕೋರ್ಟ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ಕಾನೂನು ಹೀಗೆ ಎರಡು ದಿಕ್ಕಿನಲ್ಲಿರುವುದರಿಂದ ಬೆಂಗಳೂರು, ಹುಬ್ಬಳ್ಳಿಯವರ ಪಾಲಿಗೆ ನಿಯಮಿತ ಟೇಬಲ್ ಎಂದರೆ ಹೆಚ್ಚಾಗಿ ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊಗಳು.

ಅಲ್ಲಿಯ ಲೆಕ್ಕ ಹಾಕಿ. ವರ್ಷಕ್ಕೆ ನಾಲ್ಕು ವಾರಾಂತ್ಯ, ಪ್ರತಿ ಸಲ 20 ಗಂಟೆ, ಗಂಟೆಗೆ 25 ಹ್ಯಾಂಡ್: ಒಟ್ಟು 2,000. ಬಿಗ್ ಬ್ಲೈಂಡ್ 200 ರೂಪಾಯಿ ಇದ್ದು ಸುಧಾರಣೆ 6 ಬಿಬಿ ಆದರೆ ಸಿಗುವುದು 120 ಬಿಬಿ, 24,000 ರೂಪಾಯಿ. ಕ್ಯಾಸಿನೊ ಇಸ್ಪೀಟಿನ ಗೆಲುವಿಗೆ ಆದಾಯ ತೆರಿಗೆ ಶೇ. 30, ಮೇಲೆ ಸೆಸ್. ಕೋಚ್‌ನ ಫೀಸು, ಬಸ್ಸು, ಹೋಟೆಲು ಯಾವುದನ್ನೂ ಖರ್ಚೆಂದು ಕಳೆಯುವಂತಿಲ್ಲ. ಕೈಗುಳಿಯುವುದು ಹದಿನಾರು ಹದಿನೇಳು ಸಾವಿರ. ಇದರೊಳಗೆ ಹೊಂದುವುದು ಎರಡು ಮೂರು ಗಂಟೆಯ ಕೋಚಿಂಗ್, ಮಾಸಿಕ ಪ್ಯಾಕೇಜ್ ಅಲ್ಲ. ಬ್ರಿಟನ್ನಿನಲ್ಲಿರುವವರಿಗೆ ಜೂಜಿನ ಗೆಲುವಿಗೆ ಆದಾಯ ತೆರಿಗೆ ಇಲ್ಲದಿರುವುದರಿಂದ ಲೆಕ್ಕ ಸಲೀಸು. ಅಮೆರಿಕದಲ್ಲಿ 2026ರಿಂದ ಸೋಲಿನ ಶೇ. 90ರಷ್ಟನ್ನು ಮಾತ್ರ ಗೆಲುವಿನಿಂದ ಕಳೆಯಬಹುದು, ಅಂಚಿನಲ್ಲಿ ಗೆಲ್ಲುವವರು ಫೀಸಿಗೆ ಮೊದಲು ಈ ಸಾಲನ್ನು ಲೆಕ್ಕಕ್ಕೆ ಸೇರಿಸಬೇಕು.

ಲೈವ್ ಆಟಕ್ಕೆ ಹ್ಯಾಂಡ್ ಹಿಸ್ಟರಿ ಇಲ್ಲ, ಕೋಚ್‌ಗೆ ತೋರಿಸಲು ನೀವೇ ಬರೆದಿಟ್ಟುಕೊಳ್ಳಬೇಕು. ಫೋಲ್ಡ್ ಮಾಡಿ ಕೂತ ಮುಂದಿನ ಹ್ಯಾಂಡಿನಲ್ಲಿ ಫೋನಿನ ನೋಟ್ಸ್‌ಗೆ ಒಂದೇ ಸಾಲು: ಮೊದಲು ಪರಿಣಾಮಕಾರಿ ಸ್ಟ್ಯಾಕ್ (ಇಬ್ಬರಲ್ಲಿ ಕಡಿಮೆ ಇರುವವರದು), ಆಮೇಲೆ ಜಾಗ, ಎಲೆ, ಪ್ರತಿ ಸುತ್ತಿನ ಪಾಟ್ ಮತ್ತು ಬೆಟ್. "140 ಬಿಬಿ, ಕಟಾಫ್ 6ಕ್ಕೆ, ಬಟನ್ ಕಾಲ್, ನಾನು ಬಿಗ್ ಬ್ಲೈಂಡಿನಲ್ಲಿ ಏಸ್-9 ಹಾರ್ಟ್ ಕಾಲ್, ಪಾಟ್ 18.5, ಫ್ಲಾಪ್ 9-5-2 ಒಂದು ಹಾರ್ಟ್, ಚೆಕ್, 10, ಫೋಲ್ಡ್, ಕಾಲ್" ಎಂಬ ಹಾಗೆ (ಕಟಾಫ್ ಎಂದರೆ ಬಟನ್‌ಗೆ ಮೊದಲಿನ ಜಾಗ). ಸ್ಟ್ಯಾಕ್ ಬರೆಯಲು ಮರೆತ ಹ್ಯಾಂಡ್ ಕೋಚ್‌ಗೆ ನಿರುಪಯೋಗಿ. ಎದುರಾಳಿ ಶೋಡೌನ್‌ನಲ್ಲಿ ತೋರಿಸಿದ ಎಲೆಗಳನ್ನು ನೀವು ಆಡದ ಹ್ಯಾಂಡಿನಲ್ಲೂ ಬರೆಯಿರಿ. ವಾರಾಂತ್ಯಕ್ಕೆ ಇಂಥ ಮೂವತ್ತು ಸಾಲು ಸಿಕ್ಕರೆ ಒಂದು ಗಂಟೆಯ ಪಾಠಕ್ಕೆ ಸಾಕಷ್ಟು ಸರಕು.